ಮಗು ಮಾತಾಡಿದರೆ ಯಾರಿಗೆ ಕಷ್ಟ?

ರಬಕವಿ-ಬನಹಟ್ಟಿಯ ದವಾಖಾನೆಗಳಲ್ಲಿ ಸ್ವಲ್ಪ ಹೊತ್ತು ಕೂತರೆ ತಿಳಿಯುತ್ತದೆ, ಇಲ್ಲಿಯ ನೇಕಾರರ ಮಕ್ಕಳು ಗಟ್ಟಿಯಾಗಿ ಮಾತಾಡುತ್ತಾರೆ. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವರು; ಕೂಗಿ ಹೇಳದಿದ್ದರೆ ಮನೆಯಲ್ಲಿ ಯಾರಿಗೂ ಕೇಳಿಸದು. ಡಾಕ್ಟರ ಮುಂದೆಯೂ ಅದೇ ದನಿ. ಗೋಡೆಯ ಮೇಲಿನ ಹಲ್ಲಿ, ಅಜ್ಜಿಯ ಕೆಮ್ಮು, ನಿನ್ನೆ ಕಳೆದ ಚಪ್ಪಲಿ, ಎಲ್ಲವೂ ಬರುತ್ತವೆ. ಆಗ ತಾಯಿಯ ಕೈ ಮಗುವಿನ ಬಾಯಿಗೆ ಹೋಗುತ್ತದೆ: “ಸುಮ್ಕ ಕೂಡ್ತಿಯೊ, ಸೂಜಿ ಮಾಡಸ್ಲೊ?”

ಡಾಕ್ಟರ ಹೊತ್ತು ಹಾಳಾಗಬಾರದೆಂಬ ಸಂಕೋಚ ಇದೆಂದು ಅನಿಸುತ್ತದೆ. ಅದು ಸುಳ್ಳೂ ಅಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಆಸ್ಪತ್ರೆಗಳಿಗೆ ಹಳ್ಳಿಗಳಿಂದ ಬಂದವರು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ಕಾದಿರುತ್ತಾರೆ. ಸ್ಟೆತಾಸ್ಕೋಪು ಎದೆಗೆ ಇಟ್ಟಾಗಲಂತೂ ಮೌನ ಬೇಕೇ ಬೇಕು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿಕೊಂಡದ್ದೇ ಎದೆಯೊಳಗಿನ ಸಣ್ಣ ಸದ್ದು ಕೇಳಲಿಕ್ಕೆ. ಆದರೆ ಅದು ಅರ್ಧ ನಿಮಿಷದ ಮಾತು. ಅಷ್ಟಕ್ಕೆ ಮಗುವನ್ನು ಕೇಳಿಕೊಂಡರೆ ಸಾಕು, ಬೆದರಿಸಬೇಕಿಲ್ಲ.

ನನ್ನ ಅನುಮಾನ ಬೇರೆ. ನಾವು ಹೆದರುವುದು ಹರಟೆಗಲ್ಲ, ಅದರ ನಡುವೆ ಜಾರಿಬೀಳುವ ನಿಜಕ್ಕೆ. “ಅಮ್ಮೀ ಆಧೀಚ್ ದವಾ ದೀ” ಎಂದು ಒಂದು ಮಗು ನನ್ನೆದುರೇ ಅಂದಿತು. ಅಮ್ಮ ಅರ್ಧವೇ ಔಷಧ ಕೊಟ್ಟಳು ಎಂದು. ತಾಯಿ ಕನ್ನಡದಲ್ಲಿ “ಎಲ್ಲಾ ಕುಡಿಸೇನ್ರಿ ಸಾಹೇಬ್ರ” ಎಂದಳು. ಉಳಿದರ್ಧ ಅದರ ತಂಗಿಗೆ ಹೋಗಿತ್ತು. ಎರಡನೇ ಬಾಟಲಿ ತರಲು ವಾರದ ಪಗಾರ ಇನ್ನೂ ಬಂದಿರಲಿಲ್ಲ. ಹೊರಗೆ ಬಂದ ಮೇಲೆ ಆಕೆಯೇ ಇದನ್ನು ಹೇಳಿದಳು. ಉರ್ದು ಬಾರದ ಡಾಕ್ಟರಿಗೆ ತಲುಪಿದ್ದು ತಾಯಿಯ ಮಾತು ಮಾತ್ರ. ಔಷಧ ನಾಟಲಿಲ್ಲವೆಂದು ಅವರು ಇನ್ನೂ ಬಲವಾದದ್ದನ್ನು ಬರೆದರೆ ತಪ್ಪು ಯಾರದು?

ಆ ತಾಯಿಯನ್ನು ಸುಳ್ಳುಗಾರ್ತಿ ಎನ್ನಲು ನನಗೆ ಬಾಯಿ ಬಾರದು. ತಮ್ಮ ಬಡತನವನ್ನು ಹತ್ತು ಜನರೆದುರು ಬಿಚ್ಚಿಡದಿರುವ ಹಕ್ಕು ಬಡವರಿಗಿದೆ. ಆದರೆ ಮೈ ಮಗುವಿನದು, ಕೆಮ್ಮೂ ಮಗುವಿನದು. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತಿಗೆ ವಯಸ್ಸಿಗೂ ಬುದ್ಧಿಗೂ ತಕ್ಕ ಬೆಲೆ ಸಲ್ಲಬೇಕೆನ್ನುತ್ತದೆ, ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಮನೆಯ ಮರ್ಯಾದೆ, ಮಗುವಿನ ಎದೆ, ಇವೆರಡರಲ್ಲಿ ಒಂದನ್ನೇ ಉಳಿಸಬೇಕಾಗಿ ಬಂದರೆ ನಾನು ಎದೆಯ ಪಕ್ಷ. ಮರ್ಯಾದೆಯ ಭಾರವನ್ನು ಡಾಕ್ಟರೂ ಹಗುರ ಮಾಡಬಹುದು. ಬಾಗಿಲು ಹಾಕಿಸಿ, “ದುಡ್ಡಿನ ತ್ರಾಸ ಏನರೆ ಐತೇನವಾ?” ಎಂದು ತಾವೇ ಮೊದಲು ಕೇಳಬಹುದು. ಆಮೇಲೆ ಮಗುವಿನತ್ತ ತಿರುಗಬಹುದು. ಅದು ಉರ್ದುವಿನಲ್ಲಿ ಹೇಳಿದರೆ ತಾಯಿಯೊಬ್ಬಳನ್ನೇ ನೆಚ್ಚಬೇಕಿಲ್ಲ. ಎರಡೂ ನುಡಿ ಬಲ್ಲ ನರ್ಸಮ್ಮಂದಿರಿಗೆ ನಮ್ಮ ಊರುಗಳಲ್ಲಿ ಬರವಿಲ್ಲ.