ಮಾತು ಕೊಟ್ಟವನು ಯಾರು?

ಏಳು ವರ್ಷಗಳಿಗೊಮ್ಮೆ ನಮ್ಮ ದೇಹದ ಕಣಕಣವೂ ಹೊಸದಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಅದನ್ನೇ ಹಿಡಿದು, "ಅಂದು ಮಾತು ಕೊಟ್ಟವನು ಇಂದಿನ ನಾನಲ್ಲ" ಎಂದು ವಾದಿಸುವವರೂ ಇದ್ದಾರೆ. ಸಾಲ ಕೊಟ್ಟವರು ಇದನ್ನು ಒಪ್ಪಲಾರರು. ವಿವಾಹದ ವಾಗ್ದಾನಕ್ಕೂ ಈ ವಾದ ಸಲ್ಲುವುದಾದರೆ ಸಂಸಾರಗಳ ಗತಿಯೇನು?

ವಿಜ್ಞಾನ ಏನು ಹೇಳುತ್ತದೆಂದು ಮೊದಲು ನೋಡೋಣ. 70 ಕಿಲೋ ತೂಕದ ಮನುಷ್ಯನಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ಬರೆಯಲು 7ರ ಮುಂದೆ ಸುಮಾರು 27 ಸೊನ್ನೆಗಳು ಬೇಕು. ಅನ್ನ, ನೀರು, ಗಾಳಿಗಳಿಂದ ಅವು ನಮ್ಮೊಳಗೆ ಬರುತ್ತವೆ. ಉಸಿರು, ಬೆವರುಗಳಲ್ಲಿ ಹೊರಟುಹೋಗುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಅಲ್ಲ. ಇದು ತಿಳಿದುಬಂದ ಬಗೆ ವಿಚಿತ್ರವಾದುದು. 1950ರ ದಶಕದಿಂದ ಬಲಾಢ್ಯ ರಾಷ್ಟ್ರಗಳು ವಾಯುಮಂಡಲದಲ್ಲಿ ನಡೆಸಿದ ಅಣ್ವಸ್ತ್ರ ಪರೀಕ್ಷೆಗಳಿಂದ ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಸುಮಾರು ಇಮ್ಮಡಿಯಾಯಿತು. 1963ರ ನಿಷೇಧ ಒಪ್ಪಂದದ ಅನಂತರ ಅದು ಮೆಲ್ಲನೆ ಇಳಿಯತೊಡಗಿತು. ಆ ಇಂಗಾಲವನ್ನು ಗಿಡಮರಗಳು ಹೀರಿಕೊಂಡವು. ಆಹಾರದ ಮೂಲಕ ಅದು ಮನುಷ್ಯರನ್ನು ಸೇರಿತು. ಜೀವಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಸೇರಿದ ಇಂಗಾಲ ಬಹುತೇಕ ಅಲ್ಲಿಯೇ ಉಳಿಯುವುದರಿಂದ, ಅದನ್ನು ಅಳೆದು ಕೋಶಗಳ ವಯಸ್ಸನ್ನು ಲೆಕ್ಕಹಾಕಬಹುದು. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೇನ್ ಮತ್ತು ಸಂಗಡಿಗರು 2005ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಮಿದುಳಿನ ಹೊರಪದರದ ನರಕೋಶಗಳು ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸಿನವು ಎಂದು ಗೊತ್ತಾಯಿತು. 25ರ ಹರೆಯದಲ್ಲಿಯೂ ಹೃದಯದ ಸ್ನಾಯುಕೋಶಗಳು ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ಹೊಸದಾಗುತ್ತವೆ ಎಂದು 2009ರಲ್ಲಿ ತಿಳಿಯಿತು. ಊರುಗಳನ್ನು ಸುಡುವ ಬಾಂಬುಗಳ ಬೂದಿಯಿಂದ ಹೃದಯದ ವಯಸ್ಸನ್ನು ಓದಿದಂತಾಯಿತು!

ಏಳು ವರ್ಷದ ಮಾತು ನಿಲ್ಲಲಿಲ್ಲ. ಹಾಗೆಂದು, ಬದಲಾಗದೆ ಉಳಿದ ಕಣಗಳೇ "ನಾನು" ಎನ್ನೋಣವೇ? ಇಂಗಾಲ-12ರ ಒಂದು ಪರಮಾಣುವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತೇ ಇಲ್ಲ. ನಿಮ್ಮ ಹೃದಯದಲ್ಲಿರುವುದಕ್ಕೂ ಒಲೆಯ ಇದ್ದಿಲಿನಲ್ಲಿರುವುದಕ್ಕೂ ಭೇದವಿಲ್ಲ. ಯಾವ ಪರಮಾಣುವೂ ಮಾತು ಕೊಟ್ಟದ್ದಿಲ್ಲ. ನೀರು ಹರಿದುಹೋದರೂ ಕಾವೇರಿ ಕಾವೇರಿಯೇ ಎಂಬ ಹೋಲಿಕೆಯೂ ಇಲ್ಲಿ ಸಾಲದು. ನದಿ ಯಾರಿಗೂ ಋಣಿಯಲ್ಲ.

ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ವ್ಯಕ್ತಿಯ ಗುರುತನ್ನು ದ್ರವ್ಯದಲ್ಲಿ ಹುಡುಕದೆ, ಕಳೆದುದನ್ನು ತನ್ನದೆಂದು ನೆನೆಯುವ ಪ್ರಜ್ಞೆಯಲ್ಲಿ ಕಂಡರು. ದ್ರವ್ಯದಲ್ಲಿಲ್ಲ ಎಂಬುದನ್ನು ಒಪ್ಪುತ್ತೇನೆ. ನೆನಪಿನ ವಿಷಯದಲ್ಲಿ ತಡೆಯುತ್ತೇನೆ. ಮರೆವಿನ ಕಾಯಿಲೆಯಿಂದ ಮಗನ ಹೆಸರನ್ನೇ ಕಳೆದುಕೊಂಡ ತಾಯಿಯನ್ನು ಎಣಿಸಿಕೊಳ್ಳಿ. "ಅಮ್ಮ ಎಂದೋ ಹೋಗಿಬಿಟ್ಟರು, ಉಳಿದಿರುವುದು ಶರೀರ ಮಾತ್ರ" ಎಂದು ಮನೆಯವರು ದುಃಖದಲ್ಲಿ ಆಡುವುದುಂಟು. ದುಃಖದ ಮಾತಾಗಿ ಅದನ್ನು ಮನ್ನಿಸಬಹುದು. ಅದೇ ತೀರ್ಮಾನವಾದರೆ ಉಣಿಸುವ ಕೈ ಹಿಂದೆ ಸರಿಯುತ್ತದೆ. ಆಕೆ ಮರೆತದ್ದನ್ನು ಸೊಸೆ ನೆನಪಿಟ್ಟಿರುತ್ತಾಳೆ: ಗಂಜಿ ತುಸು ತಣ್ಣಗಿರಬೇಕು, ರಾತ್ರಿ ದೀಪ ಆರಿಸಬಾರದು. ನಾನು ಯಾರೆಂಬುದು ನನ್ನೊಬ್ಬನ ಸ್ವತ್ತಲ್ಲವೆಂದು ನನಗೆ ತೋರುತ್ತದೆ. ಕೊಟ್ಟ ಮಾತನ್ನು ಕೇಳಿಸಿಕೊಂಡವರಿಗೂ ಅದರಲ್ಲಿ ಪಾಲಿದೆ. ಆದ್ದರಿಂದಲೇ ಸಾಲಗಾರ ತಾನು ಬೇರೆಯವನೆಂದು ಒಬ್ಬನೇ ತೀರ್ಮಾನಿಸಲಾರ. ಮಗನೂ ಅಮ್ಮ ಇಲ್ಲವೆಂದು ಒಬ್ಬನೇ ತೀರ್ಮಾನಿಸಲಾರ. ಇಂದು ಆಕೆಗೆ ಉಣಿಸಿದ ತುತ್ತಿನ ಇಂಗಾಲ ನಾಳೆ ಆಕೆಯ ಉಸಿರಿನೊಡನೆ ಹೊರಬಿದ್ದು ಅಂಗಳದ ತೆಂಗಿನ ಮರವನ್ನು ಸೇರೀತು. ಗಂಜಿಯ ಬಟ್ಟಲು ಹಿಡಿದು ನಾಳೆಯೂ ಹೋಗಬೇಕಾದದ್ದು ಮಾತ್ರ ಅದೇ ಕೋಣೆಗೆ.