ಹೆರಿಗೆಯೂ ಕಾಯಕ

ಪೀಣ್ಯದ ವರ್ಕ್‌ಶಾಪೊಂದರಲ್ಲಿ ಸಂಬಳದ ಲೆಕ್ಕ ಬರೆಯುವವಳು ನಾನು. ಗರ್ಭಿಣಿಯೊಬ್ಬಳು ರಜೆ ಕೇಳಿದಾಗ ಮಾಲೀಕರು, "ಕೆಲಸವಿಲ್ಲದೆ ಕೂಲಿ ಕೊಡೋದು ಧರ್ಮವೇನಮ್ಮ?" ಎಂದರು. ಮಾಲೀಕರೂ ನಾನೂ ಇಬ್ಬರೂ ಬಸವಣ್ಣನವರನ್ನು ನಂಬಿದವರು. ದುಡಿಯದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲ, ನಿಜ. ಆದರೆ ಹೊತ್ತು, ಹೆತ್ತು, ರಾತ್ರಿಯಿಡೀ ಹಾಲೂಡಿಸುವುದು ದುಡಿಮೆಯಲ್ಲವೇ? ಅದೂ ಕಾಯಕವೇ. ಆ ಸಂಬಳ ದಾನವಲ್ಲ, ಸಲ್ಲಬೇಕಾದ ಬಾಕಿ. ಕಾನೂನೂ ಇದನ್ನು ಒಪ್ಪಿದೆ: 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12 ವಾರಗಳ ರಜೆ 2017ರಲ್ಲಿ, ಮೊದಲ ಎರಡು ಮಕ್ಕಳಿಗೆ, 26 ವಾರವಾಯಿತು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಇಎಸ್‌ಐ ವಿಮೆ ಇಲ್ಲದ ಕಡೆ ಪೂರ್ತಿ ಸಂಬಳದ ಹೊಣೆ ಮಾಲೀಕರದೇ. ಸಣ್ಣ ಮಾಲೀಕರಿಗೆ ಅದು ಭಾರವೇ. ಸರ್ಕಾರವೂ ಹೆಗಲು ಕೊಡಬೇಕು. ಮನೆಗೆಲಸದವರಿಗಂತೂ ಈ ರಜೆಯೇ ಇಲ್ಲ. ನಿಮ್ಮ ಮನೆಯಲ್ಲಿ ದುಡಿಯುವಾಕೆ ಗರ್ಭಿಣಿಯಾದರೆ, ದಯವಿಟ್ಟು ಸಂಬಳ ನಿಲ್ಲಿಸಬೇಡಿ.