ಮೂಲನಿಷ್ಠೆಯೂ ಪ್ರಯಾಣಿಕನ ಪ್ರಾಣವೂ

ಹುಬ್ಬಳ್ಳಿಯಿಂದ ನವಲಗುಂದ ದಾಟಿ ನರಗುಂದಕ್ಕೆ ಬರುವ ಹಾದಿ ಎರೆಭೂಮಿಯ ಮೇಲೆ ಹಾಸಿದ್ದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಈ ಮಣ್ಣು ತನ್ನ ಮೇಲಿರುವ ಯಾವುದನ್ನೂ ಬಹುಕಾಲ ಸಮತಟ್ಟಾಗಿ ಇರಗೊಡುವುದಿಲ್ಲ. ಚಕ್ಕಡಿಯಲ್ಲಿ ಕುಳಿತು ಹೊಲಕ್ಕೆ ಹೋದವರಿಗೆ ಇದು ಬೆನ್ನೆಲುಬಿನ ಮೂಲಕವೇ ತಿಳಿದಿರುವ ಸತ್ಯ, ಏಕೆಂದರೆ ಚಕ್ಕಡಿಗೆ ಕಮಾನಿಲ್ಲ. ನೆಲದ ಏಟು ಕುಳಿತವನಿಗೆ ತಲುಪದಂತೆ ನಡುವೆ ನಿಂತು ಅದನ್ನು ತಾನೇ ತಿನ್ನುವುದು ಕಮಾನಿನ ಕೆಲಸ. ಅದಕ್ಕೂ ಹಿರಿದಾದ ಇನ್ನೊಂದು ಕೆಲಸ ಅದಕ್ಕಿದೆ: ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿದಿರುವುದು. ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ದಿಕ್ಕೂ ಇಲ್ಲ.

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಯಿಂದ ಮತ್ತೆ ಓಡುವಂತೆ ಮಾಡುವವರು ಲೋಕದೆಲ್ಲೆಡೆ ಇದ್ದಾರೆ. ಅವರ ನಡುವೆ ಮುಗಿಯದ ಒಂದು ವಾದವಿದೆ. ಸವೆದುಹೋದ ಸಸ್ಪೆನ್ಷನ್ನನ್ನು ಕಾರ್ಖಾನೆಯಿಂದ ಬಂದಾಗ ಇದ್ದಂತೆಯೇ ಮತ್ತೆ ಕಟ್ಟಬೇಕೋ, ಇಂದಿನ ತಿಳಿವಳಿಕೆಯಿಂದ ಉತ್ತಮಪಡಿಸಬೇಕೋ? ಇದು ಹಣವಂತರ ಹವ್ಯಾಸದ ಜಗಳ, ನಮಗೇಕೆ ಎಂದು ಓದುಗರು ಕೇಳಬಹುದು. ಹಿರಿಯರಿಂದ ಬಂದುದನ್ನು ಇದ್ದಂತೆಯೇ ಮುಂದಿನವರಿಗೆ ದಾಟಿಸಬೇಕೋ, ತಿದ್ದಿ ದಾಟಿಸಬೇಕೋ ಎಂಬುದು ಹೊಲ, ಮನೆ, ಮಾತು, ಆಚಾರಗಳುಳ್ಳ ನಮ್ಮೆಲ್ಲರ ಪ್ರಶ್ನೆಯೂ ಹೌದು. ಯಂತ್ರದಲ್ಲಿ ಅದು ತುಸು ನಿಚ್ಚಳವಾಗಿ ಕಾಣುತ್ತದೆ, ಅಷ್ಟೆ.

ಒಂದು ನಿಜವಾದ ಉದಾಹರಣೆಯನ್ನು ಹಿಡಿಯೋಣ. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಕಾರು ಹೊರಬಂದಿತು. ಇಟಲಿಯ ಮಿಕೆಲೊಟ್ಟಿ ಅದರ ರೂಪ ಬರೆದವರು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ನಮ್ಮ ಪೀಳಿಗೆಯ ಅನೇಕರು ಅದನ್ನು ವೈದ್ಯರ, ವಕೀಲರ ಮನೆಗಳ ಮುಂದೆ ಕಂಡವರೇ. ಅದರ ಚಾಸಿಯನ್ನೇ ಕಿರಿದುಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಚೆಲುವಾದ ಸ್ಪೋರ್ಟ್ಸ್ ಕಾರನ್ನು ರೂಪಿಸಲಾಯಿತು. ತಾಯಿಯ ದೋಷ ಮಗಳಿಗೂ ಬಂತು. ಹಿಂದಿನ ಎರಡು ಅಚ್ಚುಗಳು ಕಾರಿನ ನಡುವೆ ಮಾತ್ರ ಕೀಲುಗೊಂಡು, ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತಿದ್ದವು. ಅಡ್ಡಲಾಗಿ ಕಟ್ಟಿದ ಒಂದೇ ಕಮಾನು ಎರಡನ್ನೂ ಹೊರುತ್ತಿತ್ತು. ನೇರ ಹಾದಿಯಲ್ಲಿ ಇದು ಸುಖವಾದ ಏರ್ಪಾಡು. ವೇಗವಾಗಿ ತಿರುವಿಗೆ ಇಳಿದ ಚಾಲಕ ಹೆದರಿ ಥಟ್ಟನೆ ಬ್ರೇಕ್ ಒತ್ತಿದರೆ ಮಾತ್ರ ಭಾರವೆಲ್ಲ ಮುಂದಕ್ಕೆ ಸರಿದು ಹಿಂಭಾಗ ಮೇಲೇಳುತ್ತದೆ, ಹೊರಮಗ್ಗುಲಿನ ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ, ಬಾಲ ಜಾರುತ್ತದೆ. ಹೆದರಿದವನು ಸಹಜವಾಗಿ ಏನು ಮಾಡುವನೋ ಅದೇ ಅವನನ್ನು ಕೆಡವುತ್ತದೆ ಎಂಬುದು ಇದರ ಕ್ರೌರ್ಯ.

ಕಂಪನಿಗೆ ಇದು ತಿಳಿಯದೆ ಹೋಗಲಿಲ್ಲ. 1970ರಲ್ಲಿ ಬಂದ ನಾಲ್ಕನೆಯ ಆವೃತ್ತಿಯ ಸ್ಪಿಟ್‌ಫೈರಿನಲ್ಲಿ ಕಮಾನಿನ ಒಂದು ಪಟ್ಟಿಯನ್ನು ಮಾತ್ರ ಬಿಗಿಯಾಗಿ ಕಟ್ಟಿ, ಉಳಿದವು ನಡುವಿನಲ್ಲಿ ತೂಗಾಡುವಂತೆ ಬಿಟ್ಟರು. ಮುಂಭಾಗದ ಅಡ್ಡಸರಳನ್ನು ದಪ್ಪಗೊಳಿಸಿದರು. ಅಷ್ಟರಿಂದಲೇ ಕೇಡು ಬಹುಪಾಲು ಇಳಿಯಿತು. ಮದರಾಸಿನವರು ಇನ್ನೂ ಮುಂದೆ ಹೋದರು. 1970ರ ದಶಕದ ಆರಂಭದಲ್ಲಿ ಹೆರಾಲ್ಡನ್ನು ಗೆಜೆಲ್ ಆಗಿ ಮಾರ್ಪಡಿಸುವಾಗ ಆಡುವ ಅಚ್ಚುಗಳನ್ನೇ ಕೈಬಿಟ್ಟು, ಲಾರಿಗೆ ಇರುವಂತಹ ಒಂದೇ ಗಟ್ಟಿ ಅಚ್ಚನ್ನು ಕೂಡಿಸಿದರು. ನಮ್ಮ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಹಳೆಯ ಏರ್ಪಾಡು ಒಗ್ಗಿರಲಿಲ್ಲ. ವಿಲಾಯಿತಿಯ ಜಾಣ್ಮೆಗಿಂತ ನಮ್ಮ ಗ್ಯಾರೇಜಿನ ಅನುಭವ ಮೇಲಾದ ಪ್ರಸಂಗಗಳಲ್ಲಿ ಇದೂ ಒಂದೆಂದು ನನಗೆ ತೋರುತ್ತದೆ.

ಹಾಗಾದರೆ 1963ರ ಸ್ಪಿಟ್‌ಫೈರ್ ಒಂದನ್ನು ಇಂದು ದುರಸ್ತಿಗೆ ಎತ್ತಿಕೊಂಡವನು ಹಳೆಯ ಕಮಾನನ್ನೇ ಕೂಡಿಸಬೇಕೇ, 1970ರದ್ದನ್ನೇ? ತತ್ವಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಥೀಸಿಯಸನ ಹಡಗು ನೆನಪಾಗುತ್ತದೆ. ಅಥೆನ್ಸಿನವರು ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಆ ಹಡಗನ್ನು ಉಳಿಸಿಕೊಂಡರೆಂದೂ, ಅದು ಅದೇ ಹಡಗೋ ಬೇರೆಯೋ ಎಂದು ತತ್ವಜ್ಞಾನಿಗಳು ವಾದಿಸಿದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. ಸೊಗಸಾದ ಒಗಟು, ಆದರೆ ಇಲ್ಲಿ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಥೀಸಿಯಸನ ಹಡಗು ಸ್ಮಾರಕವಾಗಿ ನಿಂತಿತ್ತು. ಕಾರು ರಸ್ತೆಗೆ ಇಳಿಯುತ್ತದೆ. ಅದರೊಳಗೆ ಮಗು ಕುಳಿತಿರುತ್ತದೆ, ಎದುರಿಗೆ ಸೈಕಲ್ಲಿನವನು ಬರುತ್ತಾನೆ. ಅವರಾರೂ ಮೂಲನಿಷ್ಠೆಯ ವ್ರತ ಹಿಡಿದವರಲ್ಲ.

ನರಗುಂದದ ಗುಡ್ಡದ ಮೇಲಿನ ಕೋಟೆಯನ್ನು ನೋಡಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರ ಕೋಟೆ ಅದು. ಅದರ ಬಿದ್ದ ಗೋಡೆಗೆ ಸಿಮೆಂಟು ಬಳಿದು ಹೊಸದಾಗಿಸಿದರೆ ನಾನೂ ವಿರೋಧಿಸುತ್ತೇನೆ. ಮುರುಕು ಗೋಡೆ ತನ್ನ ಮುರುಕಿನಿಂದಲೇ ಮಾತನಾಡುತ್ತದೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಹಳೆಯ ಕಾರುಗಳ ಮಾತೂ ಹಾಗೆಯೇ. ಅಲ್ಲಿ ದೋಷವೂ ಚರಿತ್ರೆಯ ಭಾಗವಾಗಿ ಉಳಿಯಲಿ. ಓಡುವ ವಾಹನಕ್ಕೆ ಈ ವಿನಾಯಿತಿ ಇಲ್ಲ. ಅರಿಸ್ಟಾಟಲನು ವಸ್ತುವನ್ನು ಅದರ ಉದ್ದೇಶದಿಂದ ಅರಿಯಬೇಕೆಂದನಲ್ಲವೇ? ಜನರನ್ನು ಕರೆದೊಯ್ಯುವುದು ಕಾರಿನ ಉದ್ದೇಶವಾದರೆ, ಅವರನ್ನು ತಿರುವಿನಲ್ಲಿ ಮಗುಚುವ ಕಮಾನನ್ನು ಕಾಪಾಡುವುದು ರೂಪಕಾರನ ಕೈಬರಹಕ್ಕೆ ನಿಷ್ಠೆಯಾದೀತು, ಅವನ ಇಂಗಿತಕ್ಕಲ್ಲ.

ಆದರೂ ಮೂಲವಾದಿಗಳ ಪಕ್ಷದಲ್ಲಿ ಒಂದು ತೂಕದ ಮಾತಿದೆ. ಉತ್ತಮಪಡಿಸುವ ಆಸೆಗೆ ತಳವಿಲ್ಲ. ರಬ್ಬರ್ ಬುಷ್‌ಗಳನ್ನು ತೆಗೆದು ಗಡಸಾದ ಪಾಲಿಯುರೆಥೇನ್ ಬುಷ್ ಹಾಕುತ್ತಾರೆ, ಸ್ಪ್ರಿಂಗನ್ನು ಬಿಗಿಗೊಳಿಸುತ್ತಾರೆ, ಶಾಕ್ ಅಬ್ಸಾರ್ಬರನ್ನು ಓಟದ ಸ್ಪರ್ಧೆಯ ಮಟ್ಟಕ್ಕೆ ಏರಿಸುತ್ತಾರೆ. ಆಗ ಮೊದಲು ಕಮಾನು ತಿನ್ನುತ್ತಿದ್ದ ಏಟನ್ನು ಅರವತ್ತು ವರ್ಷದ ಚಾಸಿ ತಿನ್ನಬೇಕಾಗುತ್ತದೆ, ತುಕ್ಕು ಹಿಡಿದ ಬೆಸುಗೆ ಬಿಡುತ್ತದೆ. ಹೆದ್ದಾರಿಯ ಬದಿಯಲ್ಲಿ ಲಾರಿಯ ಕಮಾನಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಕಮಾನು ಗಟ್ಟಿಯಾಯಿತೆಂದು ಭಾರ ಏರಿಸುತ್ತಾರೆ. ಬ್ರೇಕು, ಟೈರು, ಅಚ್ಚು ಮಾತ್ರ ಮೊದಲಿನವೇ. ಒಂದು ಅಂಗವನ್ನು ಬಲಪಡಿಸಿದವನು ಅದರ ಭಾರವನ್ನು ಮುಂದೆ ಯಾವ ಅಂಗ ಹೊರುವುದೆಂದು ಕೇಳದಿದ್ದರೆ ಅವನು ಮಾಡಿದ್ದು ಸುಧಾರಣೆಯಲ್ಲ, ದೋಷದ ವರ್ಗಾವಣೆ. ಸಂಸಾರದಲ್ಲೂ ಸಂಸ್ಥೆಗಳಲ್ಲೂ ಇಂತಹ ವರ್ಗಾವಣೆಗಳು ಎಷ್ಟು ನಡೆಯುತ್ತವೆ ಎಂಬುದನ್ನು ಓದುಗರ ಅನುಭವಕ್ಕೇ ಬಿಡುತ್ತೇನೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ವಿವೇಕದ ಮಾತನ್ನು ಹೇಳಿದೆ. ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ಮೂಡಿದ ವೆನಿಸ್ ಸನ್ನದು ಅದಕ್ಕೆ ಮಾದರಿ. ಕಾಲಾನಂತರದ ಮಾರ್ಪಾಡುಗಳು ಕಣ್ಣಿಗೆ ರಾಚದಂತಿರಬೇಕು, ಹಿಂದಕ್ಕೆ ತೆಗೆಯಬಲ್ಲವಾಗಿರಬೇಕು, ತೆಗೆದ ಮುಖ್ಯ ಮೂಲಭಾಗಗಳು ವಾಹನದೊಂದಿಗೇ ಉಳಿಯಬೇಕು ಎಂಬುದು ಅದರ ಸಲಹೆ. ಇದರಲ್ಲಿ ನನಗೆ ಹಿಡಿಸಿದ್ದು ಅಡಗಿರುವ ವಿನಯ. ನಾನು ತಿದ್ದಿದ್ದೂ ತಪ್ಪಾಗಿರಬಹುದು, ನಾಳಿನವನು ನನ್ನನ್ನು ತಿದ್ದುವ ಬಾಗಿಲು ತೆರೆದಿರಲಿ ಎಂಬ ಭಾವ.

ಇನ್ನು ಉಳಿಯುವುದು ಮಾರಾಟದ ಮಾತು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಮಾರುವವನು ವಸ್ತುವಿನ ದೋಷವನ್ನು ಹೇಳಬೇಕೇ ಎಂಬ ಪ್ರಶ್ನೆಯನ್ನು ತಮ್ಮ ಸುಮ್ಮಾ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಒಕ್ಕಣ್ಣಿನ ಕುದುರೆಯ ದೋಷ ಕಣ್ಣಿಗೆ ಕಾಣುವಂಥದ್ದು. ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿದ್ದರೆ ಸಾರಿ ಹೇಳಬೇಕಾಗಿಲ್ಲ. ಕುಂಟುವ ಕುದುರೆಯನ್ನು ವೇಗದ ಕುದುರೆಯೆಂದು, ಕುಸಿಯುವ ಮನೆಯನ್ನು ಭದ್ರವೆಂದು ಕೊಟ್ಟರೆ ಅದು ವಂಚನೆ, ಏಕೆಂದರೆ ಗುಪ್ತವಾದ ದೋಷ ಕೊಂಡವನನ್ನು ಅಪಾಯಕ್ಕೋ ನಷ್ಟಕ್ಕೋ ತಳ್ಳುತ್ತದೆ. ಹಳೆಯ ಕಮಾನಿನ ಸ್ಪಿಟ್‌ಫೈರ್ ಹೊಳೆಯುವ ಕೆಂಪು ಬಣ್ಣದೊಳಗೆ ನಿಂತ ಇಂತಹ ಕುದುರೆ. ಸಂಪೂರ್ಣ ಮೂಲರೂಪ ಎಂಬ ಒಂದು ಮಾತಿಗೆ ಬೆಲೆ ಏರುತ್ತದೆ. ಅದೇ ಮಾತು ಅಪಾಯವನ್ನೂ ಮುಚ್ಚುತ್ತದೆ. ಒಳಗೆ ಹೊಸ ಕಮಾನು ಕೂಡಿಸಿ ಮೂಲದ್ದೆಂದು ಹೇಳುವವನೂ ಸುಳ್ಳುಗಾರನೇ, ಆದರೆ ಅವನ ಸುಳ್ಳಿನಿಂದ ಹಣ ಹೋಗುತ್ತದೆ, ಮೊದಲಿನವನ ಮೌನದಿಂದ ಪ್ರಾಣ. ಕಾರು ಕೈ ಬದಲಾಗುವಾಗ ಹಳೆಯ ಕಮಾನನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು, ಅದನ್ನು ಏಕೆ ತೆಗೆದೆನೆಂದು ಒಂದು ಹಾಳೆಯಲ್ಲಿ ಬರೆದುಕೊಡುವವನಿಗೆ ಬಹುಶಃ ತುಸು ಕಡಿಮೆ ಬೆಲೆಯೇ ಸಿಗುತ್ತದೆ.